ಯಾವ ಹುಳಕ್ಕೆ ಹೆದರಬೇಕು?

ಮುಂಗಾರಿನ ಮೊದಲ ಒಂದೆರಡು ಮಳೆ ಬಿದ್ದು ನೆಲದ ಕಾವು ಹೊರಬರುವ ಸಂಜೆ, ಕಾರವಾರದ ಕೋಡಿಬಾಗದಿಂದ ಅಂಕೋಲೆಯ ಅವರ್ಸಾ, ಬೇಲೆಕೇರಿಗಳ ತನಕ ಮನೆಮನೆಯಲ್ಲೂ ಒಂದೇ ಗಡಿಬಿಡಿ. ಒರಲೆಯ, ಅಂದರೆ ಗೆದ್ದಲಿನ, ರೆಕ್ಕೆಹುಳಗಳು ಟ್ಯೂಬ್‌ಲೈಟಿಗೆ ಮುತ್ತುತ್ತವೆ, ಸಾರಿನ ಪಾತ್ರೆಗೆ ಬೀಳುತ್ತವೆ, ಮಲಗಿದ ಮಗುವಿನ ಮೈಮೇಲೆ ಹರಿಯುತ್ತವೆ. ಕಿಟಕಿ ಮುಚ್ಚಿ, ಸ್ಪ್ರೇ ಡಬ್ಬಿ ತಾ, ಎಂಬ ಕೂಗು. ಅದೇ ಮಳೆಯ ನೀರು ಹಿತ್ತಲಲ್ಲಿ ಬಿದ್ದ ತೆಂಗಿನ ಗರಟೆಯಲ್ಲೂ ನಿಂತಿರುತ್ತದೆ. ಬೇಸಿಗೆಯಿಡೀ ಗರಟೆಯ ಒಳಮೈಗೆ ಅಂಟಿ ಒಣಗಿದ್ದ ಈಡಿಸ್ ಸೊಳ್ಳೆಯ ಮೊಟ್ಟೆಗಳಿಗೆ ಆ ನೀರು ತಾಗುತ್ತದೆ, ಮೊಟ್ಟೆಗಳು ಒಡೆಯುತ್ತವೆ. ಆ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ರೆಕ್ಕೆಹುಳ ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಗಂಟೆಯೊಳಗೆ ರೆಕ್ಕೆ ಕಳಚಿ ಹೆಚ್ಚಿನವು ಸತ್ತೂ ಹೋಗುತ್ತವೆ. ಗರಟೆಯ ಹುಳ ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಡೆಂಗಿ ಜ್ವರವನ್ನು ಮನೆಯಿಂದ ಮನೆಗೆ ಹೊರಬಲ್ಲದು. ಮಳೆಗಾಲದ ಹುಳಗಳ ಬಗೆಗೆ ನಮ್ಮ ಇಡೀ ನಡವಳಿಕೆ ಈ ಒಂದು ತಲೆಕೆಳಗಿನ ಲೆಕ್ಕದ ಮೇಲೆ ನಿಂತಿದೆ ಎಂಬುದು ನನ್ನ ವಾದ. ಎಷ್ಟು ಬಂದವು, ಎಷ್ಟು ಅಸಹ್ಯವಾಯಿತು ಎಂಬುದನ್ನು ಹಿಡಿದು ನಾವು ವಿಷ ಸುರಿಯುತ್ತೇವೆ. ಅದು ಯಾವ ಹುಳ, ಯಾಕೆ ಒಳಬಂತು ಎಂದು ಕೇಳುವ ಹೊತ್ತಿಗೆ ಡಬ್ಬಿ ಅರ್ಧ ಖಾಲಿಯಾಗಿರುತ್ತದೆ.

ಒರಲೆಯ ವಿಷಯವನ್ನೇ ತುಸು ಬಿಡಿಸಿ ನೋಡೋಣ. ಹುತ್ತದೊಳಗೆ ವರ್ಷವಿಡೀ ಕಣ್ಣಿಗೆ ಬೀಳದೆ ಇರುವ ಈ ಜೀವಿ, ಮಣ್ಣು ನೆನೆದು ಗಾಳಿಯಲ್ಲಿ ಪಸೆ ತುಂಬಿದಾಗ ತನ್ನ ಗಂಡುಹೆಣ್ಣುಗಳಿಗೆ ರೆಕ್ಕೆ ಕೊಟ್ಟು ಹೊರಗೆ ಕಳಿಸುತ್ತದೆ. ಸುತ್ತಲಿನ ಹುತ್ತಗಳೆಲ್ಲ ಒಂದೇ ಸಂಜೆ ಬಾಗಿಲು ತೆರೆಯುತ್ತವೆ. ಬೇರೆ ಬೇರೆ ಹುತ್ತದ ಜೋಡಿಗಳು ಕೂಡಬೇಕು, ತಿನ್ನುವ ಬಾಯಿಗಳಿಗೆ ತಿಂದು ಮುಗಿಸಲಾಗದಷ್ಟು ಸಂಖ್ಯೆಯಲ್ಲಿ ಹಾರಬೇಕು. ಕಪ್ಪೆ, ಹಲ್ಲಿ, ಕಾಗೆ, ಕೋಳಿ, ಇರುವೆ ಎಲ್ಲಕ್ಕೂ ಅಂದು ಹಬ್ಬ. ಮಲೆನಾಡಿನ ಕಾಡಂಚಿನ ಅನೇಕ ಊರುಗಳಲ್ಲಿ ಮನುಷ್ಯರೂ ಅದನ್ನು ಹಿಡಿದು ಹುರಿದು ತಿನ್ನುತ್ತಿದ್ದರು. ಹಾರಿದವುಗಳಲ್ಲಿ ಜೋಡಿಯಾಗಿ, ಮಣ್ಣು ಕೊರೆದು, ಹೊಸ ಸಂಸಾರ ಹೂಡುವವು ಬೆರಳೆಣಿಕೆಯವು. ಸಿಮೆಂಟು ನೆಲದ ಮೇಲೆ ಬಿದ್ದದ್ದಕ್ಕಂತೂ ಆ ಅವಕಾಶವೂ ಇಲ್ಲ. ಮರ ತಿನ್ನುವವು ಗೂಡಿನ ಕೆಲಸಗಾರ ಒರಲೆಗಳು. ಹಾರಿಬಂದ ಹುಳ ನಿಮ್ಮ ಕಪಾಟಿಗೆ ಬಾಯಿ ಹಾಕಲು ಬಂದದ್ದಲ್ಲ. ಭಾರತದಲ್ಲಿ ಗುರುತಿಸಿರುವ ಸುಮಾರು 300 ಜಾತಿಯ ಗೆದ್ದಲುಗಳಲ್ಲಿ ಬೆಳೆಗೆ, ಕಟ್ಟಡಕ್ಕೆ ಹಾನಿ ಮಾಡುವವು 35ರ ಆಸುಪಾಸು ಮಾತ್ರ. ಉಳಿದವು ತರಗೆಲೆ, ಸತ್ತ ಮರಗಳನ್ನು ಮಣ್ಣು ಮಾಡುವ ಕೆಲಸದಲ್ಲಿವೆ.

ಆದರೆ ಒಂದು ಸಂದರ್ಭದಲ್ಲಿ ಹೆದರಲೇಬೇಕು. ಹುಳಗಳು ಕಿಟಕಿಯಿಂದ ಒಳಬರುವ ಬದಲು ಬಾಗಿಲ ಚೌಕಟ್ಟಿನ ಸಂದಿನಿಂದಲೋ ಗೋಡೆಯ ಬಿರುಕಿನಿಂದಲೋ ಹೊರಬರುತ್ತಿದ್ದರೆ, ಗೂಡು ಮನೆಯ ಒಳಗೇ ಇದೆ ಎಂದು ಅರ್ಥ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಯಂಥ ದಾರಿ ಕಂಡರೆ, ಮರದ ಕೆಳಗೆ ರವೆಯಂಥ ಕಾಳು ಉದುರಿದ್ದರೆ ಅದೂ ಸೂಚನೆಯೇ. ಆಗ ಸ್ಪ್ರೇ ಡಬ್ಬಿ ನಿಷ್ಪ್ರಯೋಜಕ, ತಿಳಿದವರನ್ನು ಕರೆಸಿ ಬುಡಕ್ಕೆ ಚಿಕಿತ್ಸೆ ಮಾಡಿಸಬೇಕು. ಅಂದರೆ ಡಬ್ಬಿ ಹಾರಿಬಂದ ಹುಳಕ್ಕೆ ಬೇಕಿಲ್ಲ, ಮನೆಯೊಳಗಿನ ಹುಳಕ್ಕೆ ಸಾಲದು. ಆ ಸಂಜೆ ಅದನ್ನು ಒತ್ತುವುದರಿಂದ ಆಗುವುದು ಇಷ್ಟೆ: ನೂರು ಹುಳ ಸಾಯುತ್ತವೆ, ಇನ್ನೂರು ಒಳಬರುತ್ತವೆ, ಮುಚ್ಚಿದ ಕೋಣೆಯಲ್ಲಿ ಮನೆಮಂದಿ ವಿಷದ ಹನಿ ಉಸಿರಾಡುತ್ತಾರೆ.

ಅವು ಬರುವುದು ಬೆಳಕಿಗೆ. ಹುಳ ದೀಪಕ್ಕೆ ಮರುಳಾಗುತ್ತದೆ ಎಂದು ಕವಿಗಳು ಎಂದಿನಿಂದಲೂ ನಂಬಿದ್ದಾರೆ, ವಿಜ್ಞಾನಿಗಳಿಗೂ ಇದಕ್ಕಿಂತ ಗಟ್ಟಿಯಾದ ಉತ್ತರ ಬಹುಕಾಲ ಇರಲಿಲ್ಲ. 2024ರ ಜನವರಿಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರ ತಂಡ ಅತಿವೇಗದ ಕ್ಯಾಮೆರಾಗಳಿಂದ ಹಾರಾಟ ಸೆರೆಹಿಡಿದು ಬೇರೊಂದು ವಿವರಣೆ ಮುಂದಿಟ್ಟಿತು. ಹಾರುವ ಕೀಟ ಆಕಾಶದ ಬೆಳಕಿಗೆ ಬೆನ್ನು ಕೊಟ್ಟು ಮೇಲು ಕೆಳಗು ತಿಳಿಯುತ್ತದೆ. ಹತ್ತಿರದ ಬಲ್ಬಿಗೂ ಹಾಗೆಯೇ ಬೆನ್ನು ತಿರುಗಿಸಹೋಗಿ ಅದರ ಸುತ್ತಲೇ ಸುತ್ತುತ್ತ ಸಿಕ್ಕಿಬೀಳುತ್ತದೆ. ಆಸೆಯಿಂದ ಬಂದದ್ದಲ್ಲ, ದಿಕ್ಕು ತಪ್ಪಿದ್ದು. ನೀಲಿ ಮತ್ತು ಅತಿನೇರಳೆ ಅಂಶ ಹೆಚ್ಚಿರುವ ಬೆಳಕಿಗೆ ಅವು ಹೆಚ್ಚು ಸಿಗುತ್ತವೆ, ಹಳದಿ ಬೆಳಕಿಗೆ ಕಡಿಮೆ. ಕಾರವಾರದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ದೋಣಿಯಲ್ಲಿ ಪ್ರಖರ ಎಲ್‌ಇಡಿ ಉರಿಸಿ ಮೀನನ್ನು ಬಲೆಗೆ ಬರಿಸುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು, ಅದರ ಮೇಲಿನ ಜಗಳ ಈ ಕರಾವಳಿಯಲ್ಲಿ ಇನ್ನೂ ಆರಿಲ್ಲ. ಅದೇ ತಂತ್ರವನ್ನು ನಾವು ಜಗುಲಿಯ ಮೇಲೆ ಬಿಳಿ ಎಲ್‌ಇಡಿ ಹಚ್ಚಿ ಪ್ರತಿ ಸಂಜೆ ನಡೆಸುತ್ತೇವೆ, ಬಲೆಗೆ ಬಿದ್ದದ್ದನ್ನು ಬೈಯುತ್ತೇವೆ.

ಆದ್ದರಿಂದ ಮೊದಲ ಮಳೆಯ ಸಂಜೆಗೆ ಮದ್ದು ಸ್ವಿಚ್ಚಿನಲ್ಲಿದೆ. ಏಳರಿಂದ ಎಂಟೂವರೆಯ ತನಕ ಮುಂಬಾಗಿಲ ದೀಪ ಆರಿಸಿ, ಅಂಗಳದ ತುದಿಯಲ್ಲಿ ಒಂದು ಬಲ್ಬು ಹಚ್ಚಿ, ಕೆಳಗೆ ಬೋಗುಣಿಯಲ್ಲಿ ನೀರಿಟ್ಟರೆ ಮನೆಯೊಳಗೆ ಬರುವುದು ಅಲ್ಲೊಂದು ಇಲ್ಲೊಂದು. ಜಗುಲಿಗೆ ಹಳದಿ ಬಣ್ಣದ ಬಲ್ಬು ಹಾಕಿಕೊಂಡರೆ ಮಳೆಗಾಲವಿಡೀ ಅನುಕೂಲ. ಹಳೆಯ ಮನೆಗಳಿಗೆ ಈ ಕಾಟ ಕಡಿಮೆ ಇತ್ತು ಎಂದು ಹಿರಿಯರು ಹೇಳುವುದುಂಟು. ಇದ್ದಿರಬಹುದು, ಚಿಮಣಿ ದೀಪದ ಬೆಳಕು ಅಂಗಳದ ತುಳಸಿಕಟ್ಟೆಯನ್ನೂ ಮುಟ್ಟುತ್ತಿರಲಿಲ್ಲ.

ಬೆಳಕಿಗೆ ಬರುವವುಗಳಲ್ಲಿ ಒಂದನ್ನು ಮಾತ್ರ ಗುರುತಿಟ್ಟುಕೊಳ್ಳಬೇಕು. ಅಕ್ಕಿಕಾಳಿಗಿಂತ ತುಸು ಉದ್ದ, ಕಪ್ಪು ಕಿತ್ತಳೆ ಪಟ್ಟಿಗಳ, ಇರುವೆಯೋ ಎಂದು ಮೋಸಹೋಗುವಂಥ ಸಪೂರ ಹುಳ. ಕೀಟಶಾಸ್ತ್ರದಲ್ಲಿ ಪೆಡೆರಸ್, ಜನರ ಬಾಯಲ್ಲಿ ಆಸಿಡ್ ಹುಳ. ಇದೂ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಇದರ ಮೈಯೊಳಗೆ ಪೆಡೆರಿನ್ ಎಂಬ ವಿಷವಿದೆ, ಅದನ್ನು ತಯಾರಿಸುವುದು ಇದರೊಳಗೆ ವಾಸಿಸುವ ಒಂದು ಬ್ಯಾಕ್ಟೀರಿಯಾ. ಕುತ್ತಿಗೆಯ ಮೇಲೆ ಹರಿದಾಡುತ್ತಿದ್ದರೆ ಏನೂ ಆಗದು. ನಾವು ರೂಢಿಯಂತೆ ಪಟ್ಟನೆ ಹೊಡೆದು ಉಜ್ಜುತ್ತೇವೆ, ವಿಷ ಚರ್ಮಕ್ಕೆ ಬಳಿದುಕೊಳ್ಳುತ್ತದೆ. ಒಂದೆರಡು ದಿನ ಬಿಟ್ಟು ಉಜ್ಜಿದ ಗೆರೆಯುದ್ದಕ್ಕೂ ಕೆಂಪಾಗಿ, ಬೊಕ್ಕೆ ಎದ್ದು, ಉರಿ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಹುಳದ ನೆನಪೇ ಇರುವುದಿಲ್ಲವಾದ್ದರಿಂದ ಅದಕ್ಕೆ ಹಲ್ಲಿ ಉಚ್ಚೆ ಹೊಯ್ದದ್ದೆಂದೋ ಸರ್ಪಸುತ್ತೆಂದೋ ಹೆಸರು ಬೀಳುತ್ತದೆ. ಸರ್ಪಸುತ್ತು ಎಂದು ಮಂತ್ರ ಹಾಕಿಸಿದವರಿಗೆ ವಾಸಿಯೂ ಆಗುತ್ತದೆ, ಯಾಕೆಂದರೆ ಈ ಗಾಯ ಒಂದೆರಡು ವಾರದಲ್ಲಿ ತಾನಾಗಿಯೇ ಒಣಗುವಂಥದ್ದು. ನಿಜವಾದ ಸರ್ಪಸುತ್ತು ವೈರಸ್ಸಿನ ರೋಗ, ಮೈಯ ಒಂದೇ ಬದಿಗೆ ನರದ ದಾರಿ ಹಿಡಿದು ಬರುತ್ತದೆ, ಅದಕ್ಕೆ ಬೇಗನೆ ವೈದ್ಯರ ಔಷಧಿ ಬೇಕು. ಇವೆರಡನ್ನೂ ಕಲಸಿಕೊಂಡರೆ ಆಗುವ ನಷ್ಟ ಹುಳದಿಂದಾದ ನಷ್ಟಕ್ಕಿಂತ ದೊಡ್ಡದು.

ಇದೇ ಆಸಿಡ್ ಹುಳ ಗದ್ದೆಯಲ್ಲಿ ರೈತನ ಕೆಲಸದಾಳು, ಭತ್ತದ ಕಂದು ಜಿಗಿಹುಳವನ್ನು ಹಿಡಿದು ತಿನ್ನುವ ಬೇಟೆಗಾರ. ಗದ್ದೆಗೆ ಸಿಂಪಡಿಸಿ ಅದನ್ನು ಅಳಿಸಿಬಿಟ್ಟರೆ ಜಿಗಿಹುಳಕ್ಕೆ ಒಳ್ಳೆಯ ಕಾಲ. ಮನೆಯಲ್ಲಿ ಕಂಡರೆ ಊದಿ ಹಾರಿಸಿ, ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡಿ. ತಾಗಿದ್ದರೆ ಕೂಡಲೇ ಸಾಬೂನು ಹಚ್ಚಿ ತೊಳೆಯಿರಿ. ದೀಪಾವಳಿಯ ಹೊತ್ತಿಗೆ ದೀಪದ ಬುಡದಲ್ಲಿ ಪುಟ್ಟ ಹಸಿರು ಹುಳಗಳು ರಾಶಿಯಾಗುತ್ತವಲ್ಲ, ಅವೂ ಭತ್ತದ ಜಿಗಿಹುಳಗಳೇ. ಕೊಯ್ಲಾದ ಗದ್ದೆ ಬಿಟ್ಟು ಬಂದವು. ಹದಿನೈದು ದಿನದಲ್ಲಿ ಅವುಗಳ ಕಥೆ ಮುಗಿಯುತ್ತದೆ. ಅವಕ್ಕಾಗಿ ಖರ್ಚು ಮಾಡಿದ ದುಡ್ಡು ದಂಡ.

ಚಳಿದೇಶಗಳಲ್ಲಿ ಮನೆಗೆ ಹುಳ ನುಗ್ಗುವುದು ಚಳಿಗೆ ಹೆದರಿ. ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಕಾರವಾರದಂಥ ಊರಿನಲ್ಲಿ ಅವು ನುಗ್ಗುವುದು ನೀರಿಗೆ ಹೆದರಿ. ಆರಿದ್ರಾ ಮಳೆ ಹಿಡಿದು ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಚೋರಟೆಗಳು ಗೋಡೆ ಹತ್ತುತ್ತವೆ, ಗೊದ್ದದ ಸಾಲು ಮೊಟ್ಟೆ ಹೊತ್ತು ಅಟ್ಟಕ್ಕೆ ಹೊರಡುತ್ತದೆ, ಬಚ್ಚಲಿನಿಂದ ಜಿರಲೆ ಮೇಲೆ ಬರುತ್ತದೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿದಾಗ ಅಂಕೋಲೆಯ ನದೀದಂಡೆಯ ಹಳ್ಳಿಯವರು ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋದರು. ಪ್ರತಿ ಮಳೆಗಾಲ ಹುಳಗಳು ಮಾಡುವುದೂ ಅದನ್ನೇ. ಚೋರಟೆ ತರಗೆಲೆ ತಿಂದು ಬದುಕುವ ಸಾಧು ಪ್ರಾಣಿ. ಮುಟ್ಟಿದರೆ ಬಿಡುವ ರಸ ಕೈಗೆ ಕಂದು ಕಲೆ ಮಾಡುತ್ತದೆ, ಕಣ್ಣಿಗೆ ತಾಗಿದರೆ ಉರಿಯುತ್ತದೆ, ಅಷ್ಟೆ. ಅದಕ್ಕೆ ಕಸಬರಿಗೆ, ಕಸದ ಮೊರ ಸಾಕು.

ಇಲ್ಲಿ ಮನೆ ಕಟ್ಟುವವರಿಗೂ ಒಂದು ಮಾತಿದೆ. ಗೋಡೆಗೆ ಆನಿಸಿ ಪೇರಿಸಿದ ಕಟ್ಟಿಗೆ, ಅದರ ಮೇಲೆ ಹೊದೆಸಿದ ಟಾರ್ಪಾಲು, ಮೂಲೆಯಲ್ಲಿ ಕೊಳೆಯುವ ತೆಂಗಿನ ಸೋಗೆ, ಕಿಟಕಿಯ ಬುಡದಲ್ಲೇ ಸಾಲು ಹೂಕುಂಡ, ಚಿರೆಕಲ್ಲಿನ ಗೋಡೆಯಲ್ಲಿ ಗಾರೆ ಬಿಟ್ಟ ಸಂದುಗಳು. ಹುಳಕ್ಕೆ ಇದಕ್ಕಿಂತ ಒಳ್ಳೆಯ ಬಿಡಾರ ಬೇಡ. ರೋಹಿಣಿ ಮಳೆಗೆ ಮುಂಚೆ ಕಟ್ಟಿಗೆಯನ್ನು ಗೋಡೆಯಿಂದ ದೂರ ಒಟ್ಟುವುದು, ತರಗೆಲೆ ಗುಡಿಸುವುದು, ಬಾಗಿಲಡಿಯ ಸಂದಿಗೆ ರಬ್ಬರು ಪಟ್ಟಿ ಹೊಡೆಯುವುದು, ಬಚ್ಚಲ ತೂತಿಗೆ ಜಾಲರಿ ಹಾಕುವುದು ಬೇಸರದ ಕೆಲಸಗಳು. ಫಲ ಕಾಣುವುದೂ ಇಲ್ಲ, ಬಾರದೆ ಹೋದ ಹುಳವನ್ನು ಯಾರು ಎಣಿಸುತ್ತಾರೆ? ಡಬ್ಬಿ ಒತ್ತಿದರೆ ಮಾತ್ರ ಕಣ್ಣೆದುರೇ ಸಾಯುತ್ತದೆ, ಮನಸ್ಸಿಗೆ ಸಮಾಧಾನ. ಮನೆಯೊಳಗಿನ ವಿಷದ ವ್ಯಾಪಾರವೆಲ್ಲ ನಿಂತಿರುವುದು ಈ ಸಮಾಧಾನದ ಮೇಲೆ.

ಹುಳ ಮನೆಗೆ ನುಗ್ಗುವುದರ ಕಡುರೂಪವನ್ನು ಕೇರಳದ ರಬ್ಬರು ಸೀಮೆಯವರು ಕಂಡಿದ್ದಾರೆ. ತ್ರಿಶೂರು ಜಿಲ್ಲೆಯ ಮುಪ್ಲಿಯಂ ಎಂಬ ಊರಿನ ಹೆಸರು ಹೊತ್ತ ಮುಪ್ಲಿ ಹುಳ, ರಬ್ಬರಿನ ಒಣ ಎಲೆ ತಿಂದು ಬೆಳೆದು, ಬೇಸಿಗೆ ಮಳೆ ಬೀಳುತ್ತಲೇ ಲಕ್ಷಗಟ್ಟಲೆ ಹಾರಿಬಂದು ಮನೆಯ ಹೆಂಚಿನ ಸಂದುಗಳಲ್ಲಿ ತಿಂಗಳುಗಟ್ಟಲೆ ಅಲ್ಲಾಡದೆ ಮಲಗುತ್ತದೆ. ಒಂದು ಕಡೆ ವಿಷ ಹೊಡೆದರೆ ರಾಶಿಯೇ ಉದುರಿ ಹಾಸಿಗೆ, ಅಡುಗೆಗೆ ಬೀಳುತ್ತದೆ, ಸುಡುವ ವಾಸನೆಯ ರಸ ಬಿಡುತ್ತದೆ. ಕೋಳಿಕ್ಕೋಡಿನ ದೇವಗಿರಿ ಸೇಂಟ್ ಜೋಸೆಫ್ ಕಾಲೇಜಿನ ಸಾಬು ಥಾಮಸ್ ಮತ್ತು ವಿದ್ಯಾರ್ಥಿಗಳು ವರ್ಷಗಟ್ಟಲೆ ಈ ಹುಳದ ಬೆನ್ನುಹತ್ತಿ ಅಧ್ಯಯನ ಮಾಡಿದ್ದಾರೆ. ಅದರ ಬಾಳು ನಿಂತಿರುವುದು ರಬ್ಬರು ಮರದ ಬುಡದ ತರಗೆಲೆಯ ಮೇಲೆ. ಮನೆಯಲ್ಲಿ ಕಾಣುವ ಕಾಟದ ಬೇರು ಮನೆಯ ಹೊರಗಿದೆ.

ವಿಷವೇ ಬೇಡ, ಪ್ರಕೃತಿಯೊಡನೆ ಹೊಂದಿಕೊಂಡು ಬಾಳಿದ ನಮ್ಮ ಹಿರಿಯರಿಗೆ ಇದೆಲ್ಲ ಬೇಕಿತ್ತೇ ಎಂದು ಈಗ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಲಕ್ಕಿ ಸೊಪ್ಪಿನ ಹೊಗೆ ಹಾಕಿಕೊಂಡು ಮಲಗಿದ ಹಿರಿಯರು ಇದೇ ಜಿಲ್ಲೆಯಲ್ಲಿ ಮಲೇರಿಯಾದಿಂದ ನರಳಿ ಸತ್ತರು, ಘಟ್ಟದ ಬುಡದ ಹಳ್ಳಿಗಳು ಬಡವಾದವು. ಆ ಕಥೆಯನ್ನು ಮರೆತರೆ ವಿಷದ ಬಗೆಗಿನ ಯಾವ ಚರ್ಚೆಯೂ ಪ್ರಾಮಾಣಿಕವಲ್ಲ.

ಇಂದಿನ ಉತ್ತರ ಕನ್ನಡ, ಅಂದಿನ ಕೆನರಾ ಜಿಲ್ಲೆ, ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪ್ರಾಂತದ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಮತ್ತು ಅವರೊಂದಿಗಿದ್ದ ಟಿ. ರಾಮಚಂದ್ರ ರಾವ್ 1946ರಲ್ಲಿ ಕೆನರಾ, ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸುವ ದೊಡ್ಡ ಪ್ರಯೋಗ ನಡೆಸಿದರು. ದೇಶದಲ್ಲಿ ಜನಸಾಮಾನ್ಯರ ಮನೆಗಳಲ್ಲಿ ನಡೆದ ಮೊತ್ತಮೊದಲ ಇಂಥ ಪ್ರಯತ್ನಗಳಲ್ಲಿ ಅದೂ ಒಂದು. ಮೊದಲ ವರ್ಷದ ಫಲಿತಾಂಶವನ್ನು ಅವರು 1947ರಲ್ಲಿ ಪ್ರಕಟಿಸಿದರು, ಮಲೇರಿಯಾ ಗಣನೀಯವಾಗಿ ಇಳಿದಿತ್ತು. ದೇಶದಲ್ಲಿ ಆ ವರ್ಷ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬಂದು 8 ಲಕ್ಷ ಮಂದಿ ಸತ್ತರೆಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಹಿಡಿದ ದಾರಿ ಕೆನರಾದಂಥ ಪ್ರಯೋಗಗಳು ತೋರಿಸಿದ್ದೇ. 1960ರ ದಶಕದ ನಡುವೆ ವರ್ಷಕ್ಕೆ ಒಂದು ಲಕ್ಷ ಪ್ರಕರಣಗಳ ಮಟ್ಟಕ್ಕೆ ರೋಗ ಇಳಿಯಿತು.

ಆ ವಿಷ ಯಾಕೆ ಕೆಲಸ ಮಾಡಿತು ಎಂಬುದನ್ನು ಗಮನಿಸಬೇಕು. ಇಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ, ಅದು ಹುಟ್ಟುವುದು ಘಟ್ಟದ ತಿಳಿನೀರಿನ ಹಳ್ಳಗಳಲ್ಲಿ, ಮನುಷ್ಯರ ರಕ್ತ ಹೀರಿ ವಿಶ್ರಮಿಸುವುದು ಮನೆಯೊಳಗೆ ಎಂಬುದೆಲ್ಲ ಮೊದಲೇ ತಿಳಿದಿತ್ತು. ಸೊಳ್ಳೆ ಕೂರುವ ಗೋಡೆಗೆ, ಅದು ಬರುವ ಕಾಲಕ್ಕೆ, ಬೇಕಾದಷ್ಟೇ ಪ್ರಮಾಣದಲ್ಲಿ ವಿಷ ಬಿತ್ತು. ಹುಳದ ಹೆಸರು, ವಿಳಾಸ, ದಿನಚರಿ ಗೊತ್ತಿದ್ದವರು ಹೊಡೆದ ವಿಷ ಅದು.

ಅದೇ ಕಥೆಯ ಉಳಿದರ್ಧವೂ ಇದೆ. ಜಗತ್ತಿನ ಅನೇಕ ಕಡೆ ಹಳ್ಳಿಯವರು ಡಿಡಿಟಿಯನ್ನು ಮೆಚ್ಚಿದ್ದು ತಿಗಣೆ ಸತ್ತದ್ದಕ್ಕೆ. ಮಲೇರಿಯಾ ಇಳಿದದ್ದು ಕಣ್ಣಿಗೆ ಕಾಣುವಂಥದ್ದಲ್ಲ, ಮಂಚದ ತಿಗಣೆ ಕಾಣುತ್ತದೆ. ಕೆಲವೇ ವರ್ಷಗಳಲ್ಲಿ ತಿಗಣೆಗಳು ಡಿಡಿಟಿಗೆ ಜಗ್ಗದಾದವು, ಈ ಮದ್ದಿನಿಂದ ಏನೂ ಆಗದು ಎಂದು ಜನ ಸಿಂಪಡಿಸುವವರಿಗೆ ಬಾಗಿಲು ಮುಚ್ಚತೊಡಗಿದರು. ಕಾಣುವ ಹುಳದಿಂದ ಕಾಣದ ಹುಳವನ್ನು ಅಳೆಯುವ ಚಟ ಹೊಸದೇನಲ್ಲ. ಮುಂದೆ ಸೊಳ್ಳೆಗಳೂ ಜಗ್ಗದಾದವು, ಕಾರ್ಯಕ್ರಮ ಸಡಿಲವಾಯಿತು, 1976ರಲ್ಲಿ ದೇಶದ ಮಲೇರಿಯಾ ಪ್ರಕರಣಗಳು 64 ಲಕ್ಷ ದಾಟಿದವು. ಕೃಷಿಯಲ್ಲಿ ಡಿಡಿಟಿ ಬಳಕೆಗೆ 1989ರಲ್ಲಿ ನಿಷೇಧ ಬಂತು.

ಗೋಡೆಗೆ ಲೆಕ್ಕಹಾಕಿ ಹೊಡೆದದ್ದು ಒಂದು ಬಗೆ. ಕ್ಯಾಲೆಂಡರ್ ನೋಡಿ ಹೊಡೆಯುವುದು ಇನ್ನೊಂದು, ಅದರ ಫಲವನ್ನೂ ಕರಾವಳಿ ಉಂಡಿದೆ. ಗೇರುಮರದ ಟೀ ಸೊಳ್ಳೆ ಎಂಬ ಕೀಟದ ಹೆಸರಿನಲ್ಲಿ ಕಾಸರಗೋಡಿನ ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೀಟ ಇದೆಯೇ, ಎಷ್ಟಿದೆ ಎಂದು ನೋಡುವ ಗೋಜಿಲ್ಲದೆ ವರ್ಷಕ್ಕೆ ಇಷ್ಟು ಸಲ ಎಂಬ ಲೆಕ್ಕ. ಸುಪ್ರೀಂ ಕೋರ್ಟು 2011ರ ಮೇ 13ರಂದು ಎಂಡೋಸಲ್ಫಾನ್ ಬಳಕೆಯನ್ನೇ ತಡೆಯಿತು. ಎಂಡೋಸಲ್ಫಾನ್ ಸಂತ್ರಸ್ತರು ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಷ್ಟೇ ಅಲ್ಲ, ನಮ್ಮ ಉತ್ತರ ಕನ್ನಡದಲ್ಲೂ ಇದ್ದಾರೆ.

ಮನೆಯೊಳಗಿನ ಅಭ್ಯಾಸ ಈ ಎರಡನೆಯ ಬಗೆಗೇ ಹತ್ತಿರ. ಒಂದು ಕಾಲಕ್ಕೆ ಇರುವೆ ಕಂಡಲ್ಲೆಲ್ಲ ಗೆಮಾಕ್ಸಿನ್ ಪುಡಿ ಉದುರಿಸುತ್ತಿದ್ದೆವು, ಅಡುಗೆಮನೆಯ ಗೂಡಿನಲ್ಲೂ. ಅದರ ಮೂಲವಾದ ಬಿಎಚ್‌ಸಿ 1997ರಲ್ಲಿ, ಲಿಂಡೇನ್ 2013ರಲ್ಲಿ ನಿಷೇಧವಾದವು. ಈಗ ಗೀರುವ ಸೀಮೆಸುಣ್ಣ, ಸ್ಪ್ರೇ, ಕಾಯಿಲ್ ಬಂದಿವೆ. ಹಿಂದಿನವುಗಳಿಗಿಂತ ಇವು ಮನುಷ್ಯರಿಗೆ ಕಡಿಮೆ ಅಪಾಯಕಾರಿ ಎಂಬುದು ನಿಜ. ಆದರೆ ಒಂದು ಸೊಳ್ಳೆ ಕಾಯಿಲ್ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಇರಚಲು ಹೊಡೆಯುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ ಜುಲೈ ತಿಂಗಳ ಕೋಣೆಯಲ್ಲಿ ಆ ಹೊಗೆ ಎಲ್ಲಿಗೆ ಹೋದೀತು? ಲಕ್ಕಿ ಸೊಪ್ಪಿನ ಹೊಗೆಯನ್ನು ಹಳೆಯದೆಂದು ಬಿಟ್ಟವರು ಹಸಿರು ಸುರುಳಿಯ ಹೊಗೆಯನ್ನು ಆಧುನಿಕವೆಂದು ಒಪ್ಪಿಕೊಂಡಿದ್ದೇವೆ. ಸೊಳ್ಳೆಪರದೆಯನ್ನು ಮಾತ್ರ ಬಡತನದ ಗುರುತೆಂಬಂತೆ ಅಟ್ಟಕ್ಕೆ ಹಾಕಿದ್ದೇವೆ. ಇನ್ನು ಅಕ್ಕಿಯ ನುಸಿಗೆಂದು, ಇಲಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ವಾಸಿಸುವ ಮನೆಯೊಳಗೆ ಇಡುವುದು ಕೊಲೆಗೆ ಸಮ. ಅದರಿಂದ ಹೊರಡುವ ಅನಿಲ ಮಲಗಿದವರನ್ನು ಏಳಗೊಡುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ತುಂಬಿಟ್ಟ ಕುಚಲಕ್ಕಿಗೆ ಅಂಥ ಮದ್ದು ಬೇಕಾಗುವುದೂ ಇಲ್ಲ.

ಕೊನೆಗೂ ಹೆದರಬೇಕಾದ ಹುಳಕ್ಕೆ ಬರೋಣ. ಡೆಂಗಿ ಬಂತೆಂದರೆ ಪತ್ರಿಕೆಯಲ್ಲಿ ಚರಂಡಿಯ ಚಿತ್ರ ಬರುತ್ತದೆ. ಹೆದ್ದಾರಿ ಬದಿಯ ಹೊಂಡ, ಮೀನುಪೇಟೆಯ ಕೊಳಕು, ಪುರಸಭೆಯ ನಿರ್ಲಕ್ಷ್ಯ, ಎಲ್ಲ ಸರಿಯೇ. ಆದರೆ ಗಲೀಜು ನೀರಿನಲ್ಲಿ ಹುಟ್ಟುವುದು ಬಹುಮಟ್ಟಿಗೆ ಕ್ಯುಲೆಕ್ಸ್ ಸೊಳ್ಳೆ, ರಾತ್ರಿ ಕಚ್ಚುವಂಥದ್ದು. ಡೆಂಗಿಯ ಈಡಿಸ್ ಹುಟ್ಟುವುದು ತಿಳಿನೀರಿನಲ್ಲಿ, ಕಚ್ಚುವುದು ಹಗಲಿನಲ್ಲಿ, ಹಾರುವುದು ಸಾಮಾನ್ಯವಾಗಿ ನೂರಿನ್ನೂರು ಮೀಟರು. ಅಂದರೆ ನಿಮ್ಮನ್ನು ಕಚ್ಚಿದ ಈಡಿಸ್ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದ್ದು. ನಮ್ಮ ಕಡೆಯ ಹಿತ್ತಲಿನಲ್ಲಿ ಅದಕ್ಕೆ ಜಾಗಕ್ಕೇನು ಬರ? ಗರಟೆ, ಬಿದ್ದ ಅಡಕೆ ಹಾಳೆ, ಹಳೆಯ ಟೈರು, ದೋಣಿಗೆ ಹೊದೆಸಿದ ಪ್ಲಾಸ್ಟಿಕ್ಕಿನ ಮಡಿಕೆ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ. ಒಂದು ಚಮಚೆಯಷ್ಟು ನೀರು ಸಾಕು. ನೀರು ಚೆಲ್ಲಿದರೆ ಸಾಲದು, ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ, ತಿಕ್ಕಿ ತೊಳೆಯಬೇಕು. ಮೊಟ್ಟೆ ಸೊಳ್ಳೆಯಾಗಲು ಕನಿಷ್ಠ ಒಂದು ವಾರ ಬೇಕಾದ್ದರಿಂದ ವಾರಕ್ಕೊಮ್ಮೆ ಈ ಕೆಲಸ ಮಾಡಿದರೆ ಸರಪಳಿ ತುಂಡಾಗುತ್ತದೆ.

ಇದನ್ನೆಲ್ಲ ಮನೆಯವರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದೂ ಅನ್ಯಾಯ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಗೊತ್ತಿಲ್ಲದ ಮನೆ ಡ್ರಮ್ಮು ತುಂಬಿಡದೆ ಏನು ಮಾಡೀತು? ನಾಲ್ಕು ತಿಂಗಳು ಮಳೆ ಸುರಿಯುವ ಕರಾವಳಿಯಲ್ಲಿ ಏಪ್ರಿಲ್ ಮೇ ಬಂತೆಂದರೆ ಬಾವಿ ಬತ್ತುತ್ತದೆ, ಉಪ್ಪಾಗುತ್ತದೆ. ಕೂಡಿಟ್ಟ ನೀರೇ ಸೊಳ್ಳೆಯ ತೊಟ್ಟಿಲು. ಸಮಯಕ್ಕೆ ಸರಿಯಾಗಿ ನೀರು ಬಿಡುವುದು ಕೂಡ ಸೊಳ್ಳೆ ನಿಯಂತ್ರಣವೇ, ಬಹುಶಃ ಎಲ್ಲಕ್ಕಿಂತ ಖಾತ್ರಿಯಾದದ್ದು. ರಾಜ್ಯ ಸರಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ, ನಿರ್ಮಾಣ ಹಂತದ ಕಟ್ಟಡಗಳಿಗೆ 2000 ಮತ್ತು 1000 ರೂಪಾಯಿ ದಂಡ ಗೊತ್ತುಮಾಡಿತು. ತಪ್ಪೇನಿಲ್ಲ. ಆದರೆ ಡ್ರಮ್ಮಿನ ಮನೆಗೆ ದಂಡ ಹಾಕುವ ಆಡಳಿತ, ಡ್ರಮ್ಮು ಬೇಕಾಗದಂತೆ ನೀರು ಕೊಡುವ ಹೊಣೆಯನ್ನೂ ಹೊರಬೇಕಲ್ಲ.

ಆ ಹೊಣೆ ಹೊರುವ ಬದಲು ಆಡಳಿತ ಸಾಮಾನ್ಯವಾಗಿ ಫಾಗಿಂಗ್ ಯಂತ್ರ ಕಳಿಸುತ್ತದೆ. ಸದ್ದು ಮಾಡುತ್ತ ಬೀದಿಯಲ್ಲಿ ಬಿಳಿ ಹೊಗೆ ಬಿಟ್ಟುಹೋಗುವ ಆ ಯಂತ್ರ, ಮನೆಯ ಸ್ಪ್ರೇ ಡಬ್ಬಿಯ ಸರಕಾರಿ ರೂಪ. ಹೊಗೆ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಮನೆಯೊಳಗೆ ಮಂಚದಡಿ, ಬಟ್ಟೆಯ ಮರೆಯಲ್ಲಿ ಕೂತ ಈಡಿಸ್‌ಗೆ ತಲುಪುವುದಿಲ್ಲ, ನೀರಿನಲ್ಲಿರುವ ಮರಿಹುಳವನ್ನು ಮುಟ್ಟುವುದೇ ಇಲ್ಲ. ರೋಗ ಹಬ್ಬಿದ ತುರ್ತಿನಲ್ಲಿ ಅದಕ್ಕೊಂದು ಜಾಗ ಇರಬಹುದು, ಮಳೆಗಾಲದ ಮಾಮೂಲಿ ಕ್ರಮವಾಗಿ ಅದು ಬರೀ ತೋರಿಕೆ. ಆದರೂ ಜನರು ಬೇಡುವುದು ಅದನ್ನೇ, ಯಾಕೆಂದರೆ ಅದು ಕಾಣುತ್ತದೆ. ಮನೆಮನೆಗೆ ಬಂದು ಟಾರ್ಚು ಹಿಡಿದು ಡ್ರಮ್ಮಿನೊಳಗೆ ಇಣುಕುವ ಆಶಾ ಕಾರ್ಯಕರ್ತೆಯನ್ನು ಗೇಟಿನಲ್ಲೇ ನಿಲ್ಲಿಸಿ ‘ನಮ್ಮಲ್ಲಿ ಏನೂ ಇಲ್ಲ’ ಎಂದು ಕಳಿಸುವವರೂ ನಾವೇ. ಆಕೆಯ ಟಾರ್ಚು 1946ರ ಆ ಪ್ರಯೋಗದ ನಿಜವಾದ ವಾರಸುದಾರ: ಹುಳ ಎಲ್ಲಿದೆ ಎಂದು ಮೊದಲು ನೋಡು, ಆಮೇಲೆ ಮದ್ದಿನ ಮಾತು.

ಲಾರ್ವಾ ಸಮೀಕ್ಷೆಯಲ್ಲಿ ನೂರು ಮನೆ ನೋಡಿದರೆ ಎಷ್ಟು ಮನೆಗಳಲ್ಲಿ ಸೊಳ್ಳೆಮರಿ ಸಿಕ್ಕಿತು ಎಂಬ ಅಂಕಿ ಆರೋಗ್ಯ ಇಲಾಖೆಯ ಬಳಿ ಇರುತ್ತದೆ. ಈ ಮಳೆಗಾಲ ನಿಮ್ಮ ನಗರಸಭೆಯ ಸದಸ್ಯರನ್ನೋ ಪಂಚಾಯತಿ ಅಧ್ಯಕ್ಷರನ್ನೋ ಕಂಡಾಗ ಫಾಗಿಂಗ್ ಯಾವಾಗ ಎಂದು ಕೇಳಬೇಡಿ. ನಮ್ಮ ವಾರ್ಡಿನಲ್ಲಿ ಆ ಅಂಕಿ ಎಷ್ಟು, ಕಳೆದ ತಿಂಗಳು ಎಷ್ಟಿತ್ತು ಎಂದು ಕೇಳಿ. ಪ್ರತಿ ತಿಂಗಳು ಪಂಚಾಯತಿಯ ಗೋಡೆಯ ಮೇಲೆ ಅದನ್ನು ಬರೆದು ಹಾಕುವಂತೆ ಒತ್ತಾಯಿಸಿ.